ವಿದ್ಯಾರ್ಥಿವೇತನದ ಪರಿಶೀಲನೆ: ಸಂಶಯ ಯಾರ ಮೇಲೆ, ಹೊಣೆ ಯಾರದು?

(ಪದವಿ ಕಾಲೇಜುಗಳ ವಿದ್ಯಾರ್ಥಿವೇತನ ನೋಡಲ್ ಸಿಬ್ಬಂದಿಗೂ ಅಧ್ಯಾಪಕರಿಗೂ ಏರ್ಪಟ್ಟಿದ್ದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ಬಿಟ್ಟು, ಕೊನೆಯ ಸಂವಾದದಿಂದ ಎರಡು ಪ್ರಶ್ನೆಗಳನ್ನು ಸೇರಿಸಲಾಗಿದೆ.)

ಸಭಿಕರೆಲ್ಲರಿಗೂ ವಂದನೆಗಳು.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವುದು ಕಾಲೇಜಿನ ಕೆಲಸಗಳಲ್ಲೆಲ್ಲ ಬೇಸರದ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹೊಸದಾಗಿ ಬಂದ ಅತಿಥಿ ಉಪನ್ಯಾಸಕರಿಗೋ ಕಚೇರಿಯ ದ್ವಿತೀಯ ದರ್ಜೆ ಸಹಾಯಕರಿಗೋ ಅದನ್ನು ವಹಿಸಿಬಿಟ್ಟು, ಕೊನೆಯ ದಿನಾಂಕ ಹತ್ತಿರ ಬಂದಾಗ ಮಾತ್ರ ಅದರ ಕಡೆ ತಿರುಗಿ ನೋಡುತ್ತೇವೆ. ಆದರೆ ನಮ್ಮ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಓದುವ ಎಷ್ಟೋ ಮಕ್ಕಳು ಮುಂದಿನ ವರ್ಷವೂ ತರಗತಿಯಲ್ಲಿ ಇರುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಮೇಜಿನ ಮೇಲೆಯೇ. ಆದ್ದರಿಂದ ಇದನ್ನು ಗುಮಾಸ್ತಿಕೆಯೆಂದು ತಳ್ಳಿಹಾಕದೆ, ಬೋಧನೆಯಷ್ಟೇ ಗಂಭೀರವಾದ ಕೆಲಸವೆಂದು ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳಲು ನಾನು ಬಂದಿದ್ದೇನೆ.

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ನಾವೆಲ್ಲ ಎಸ್‌ಎಸ್‌ಪಿ ಎಂದು ಕರೆಯುವ ಪೋರ್ಟಲ್‌ನಲ್ಲಿ, ಒಂದು ಅರ್ಜಿ ಪೂರ್ಣಗೊಳ್ಳಬೇಕಾದರೆ ಎಷ್ಟು ಕಡೆಯ ಮಾಹಿತಿ ಒಂದಕ್ಕೊಂದು ತಾಳೆಯಾಗಬೇಕು ಎಂಬುದನ್ನು ಗಮನಿಸಿ. ಆಧಾರ್‌ನಲ್ಲಿರುವ ಹೆಸರು, ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಕಟ್ಟಿದ ಶುಲ್ಕ, ಹಾಸ್ಟೆಲ್‌ನಲ್ಲಿದ್ದರೆ ಅದರ ವಿವರ, ಮೂಲ ದಾಖಲೆಗಳನ್ನು ನೋಡಿ ಕಾಲೇಜಿನ ಅಧಿಕಾರಿ ಮಾಡುವ ಇ-ದೃಢೀಕರಣ, ಕೊನೆಗೆ ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ. ಇವುಗಳಲ್ಲಿ ಒಂದು ಕಡೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ನಿಂತುಹೋಗುತ್ತದೆ. ನಿಂತಿರುವುದು ಎಲ್ಲಿ, ಯಾವ ಕಾರಣಕ್ಕೆ ಎಂಬುದು ವಿದ್ಯಾರ್ಥಿಗೆ ಬಹಳ ಸಲ ತಿಳಿಯುವುದೇ ಇಲ್ಲ.

ಪರಿಶೀಲನೆಯಲ್ಲಿ ಎರಡು ಬಗೆಯ ತಪ್ಪುಗಳು ಆಗಬಹುದು. ಅರ್ಹತೆ ಇಲ್ಲದವರಿಗೆ ಹಣ ಹೋಗುವುದು ಮೊದಲನೆಯದು. ಅರ್ಹತೆ ಇದ್ದವರಿಗೆ ಹಣ ಹೋಗದೇ ಇರುವುದು ಎರಡನೆಯದು. ಮೊದಲನೆಯದಕ್ಕೆ ಲೆಕ್ಕಪರಿಶೋಧನೆ ಇದೆ, ಆಕ್ಷೇಪಣೆ ಇದೆ, ವಸೂಲಾತಿ ಇದೆ, ಪತ್ರಿಕೆಯ ಸುದ್ದಿಯೂ ಇದೆ. ಎರಡನೆಯದಕ್ಕೆ ಇದಾವುದೂ ಇಲ್ಲ. ಹಣ ಬಾರದ ಹುಡುಗಿ ಮೂರನೆಯ ಸೆಮಿಸ್ಟರ್‌ನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಕೊಂಡರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಗೆ ಗೆರೆ ಬೀಳುತ್ತದೆಯೇ ಹೊರತು, ಅದು ಪರಿಶೀಲನೆಯ ತಪ್ಪೆಂದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಲೆಕ್ಕಕ್ಕೆ ಸಿಗುವ ತಪ್ಪಿಗೆ ಹೆದರಿ, ಲೆಕ್ಕಕ್ಕೆ ಸಿಗದ ತಪ್ಪನ್ನು ನಾವು ದಿನವೂ ಮಾಡುತ್ತಿದ್ದೇವೆ ಎಂಬುದು ನನ್ನ ಮುಖ್ಯ ದೂರು.

ಈ ಯೋಜನೆಗಳು ಹುಟ್ಟಿದ ಉದ್ದೇಶವನ್ನು ನೆನೆದರೆ ಈ ದೂರಿನ ತೂಕ ತಿಳಿಯುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ, ಬಾಬಾಸಾಹೇಬ ಅಂಬೇಡ್ಕರ್ ಅವರು ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ. ಅಂಬೇಡ್ಕರ್ ಅವರೇ 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಬಲದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ಸಕಾಲಕ್ಕೆ ಕೈಸೇರಿದ ವೇತನ ಒಬ್ಬ ಮನುಷ್ಯನಿಂದ ಏನೇನು ಮಾಡಿಸಬಲ್ಲದು ಎಂಬುದಕ್ಕೆ ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಈಗ ಆದಾಯದ ವಿಷಯಕ್ಕೆ ಬರುತ್ತೇನೆ. ತೊಡಕು ಹೆಚ್ಚಾಗಿರುವುದು ಅಲ್ಲಿಯೇ. ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಈ ಮಿತಿ 2013ರಲ್ಲಿ ನಿಗದಿಯಾದದ್ದು. 2021ರ ಪರಿಷ್ಕೃತ ಮಾರ್ಗಸೂಚಿಯಲ್ಲೂ ಹಾಗೆಯೇ ಉಳಿಯಿತು. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 410 ರೂಪಾಯಿಯಂತೆ ವರ್ಷಕ್ಕೆ 300 ದಿನ ಕೂಲಿ ಮಾಡಿದರೆ ಅವರ ಆದಾಯ 2,46,000 ರೂಪಾಯಿಯಾಗಿ ಮಗ ಅರ್ಹನಾಗುತ್ತಾನೆ. ಅದೇ ಕೂಲಿ 420 ರೂಪಾಯಿಯಾದರೆ 2,52,000ಕ್ಕೆ ಏರಿ, ಪೂರ್ತಿ ವೇತನವೇ ಕೈತಪ್ಪುತ್ತದೆ. ಆದರೆ 300 ದಿನ ಕೆಲಸ ಸಿಕ್ಕಿತೋ 270 ದಿನ ಸಿಕ್ಕಿತೋ ಎಂಬುದನ್ನು ಯಾವ ಮೇಸ್ತ್ರಿಯೂ ಬರೆದಿಟ್ಟಿರುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳು (ನಮ್ಮ ಬಾಯಲ್ಲಿ ಇನ್ನೂ ಅವರು ಗ್ರಾಮ ಲೆಕ್ಕಿಗರೇ) ಪಹಣಿ ನೋಡಿ, ಅರ್ಜಿದಾರರ ಹೇಳಿಕೆ ಪಡೆದು, ಅಕ್ಕಪಕ್ಕದವರನ್ನು ವಿಚಾರಿಸಿ ಒಂದು ಅಂದಾಜು ಮಾಡುತ್ತಾರೆ. ಆ ಅಂದಾಜು ತಹಶೀಲ್ದಾರರ ಡಿಜಿಟಲ್ ಸಹಿಯೊಂದಿಗೆ ಪ್ರಮಾಣಪತ್ರವಾಗಿ, ಆರ್‌ಡಿ ಸಂಖ್ಯೆಯಾಗಿ ನಮ್ಮ ಪರದೆಯ ಮೇಲೆ ಮೂಡಿದಾಗ ಪ್ರಶ್ನಾತೀತ ಸತ್ಯದ ರೂಪ ತಾಳುತ್ತದೆ.

ಇನ್ನೊಂದು ಕಡೆ, ಮಾಸಿಕ ಸಂಬಳ ಪಡೆಯುವ ಸಣ್ಣ ನೌಕರನ ಆದಾಯ ಕೊನೆಯ ರೂಪಾಯಿಯವರೆಗೂ ಸರ್ಕಾರಕ್ಕೆ ಗೊತ್ತಿರುತ್ತದೆ. ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ದೊಡ್ಡ ಅಡಿಕೆ ತೋಟದ ಅಥವಾ ದ್ರಾಕ್ಷಿ ತೋಟದ ಒಡೆಯನ ನಿಜವಾದ ವರಮಾನ ಎಲ್ಲಿಯೂ ದಾಖಲಾಗಿರಬೇಕೆಂದಿಲ್ಲ. ಸಂಬಳದ ಚೀಟಿ ಇರುವವನು ಮಿತಿ ದಾಟುತ್ತಾನೆ, ಚೀಟಿ ಇಲ್ಲದ ಸ್ಥಿತಿವಂತ ಮಿತಿಯೊಳಗೆ ಉಳಿಯುತ್ತಾನೆ. ಹಾಗಾಗಿ ನಾವು ಕಾಲೇಜಿನಲ್ಲಿ ಪರಿಶೀಲಿಸುತ್ತಿರುವುದು ಆದಾಯವನ್ನಲ್ಲ, ಆದಾಯದ ಪ್ರಮಾಣಪತ್ರವನ್ನು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇದನ್ನು ಒಪ್ಪಿಕೊಂಡವರು, ಹುಡುಗನ ಕೈಯಲ್ಲಿರುವ ಮೊಬೈಲನ್ನೋ ಹುಡುಗಿಯ ಉಡುಪನ್ನೋ ನೋಡಿ 'ಇವರಿಗೆ ಯಾಕೆ ಸ್ಕಾಲರ್‌ಶಿಪ್' ಎಂದು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವ ಅಧಿಕಾರವೂ ನಮಗಿಲ್ಲ, ಉತ್ತರ ಕಂಡುಕೊಳ್ಳುವ ಸಾಧನವೂ ನಮ್ಮಲ್ಲಿಲ್ಲ. ಜಾತಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕುಮಾರಿ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪಿನ ನಂತರ ಜಾತಿ ಪ್ರಮಾಣಪತ್ರದ ನೈಜತೆಯನ್ನು ವಿಚಾರಿಸಲು ಪ್ರತ್ಯೇಕ ಪರಿಶೀಲನಾ ಸಮಿತಿಗಳ ವ್ಯವಸ್ಥೆ ಬಂದಿದೆ. ಅದು ಕಾಲೇಜಿನ ಮೇಜಿನ ಮೇಲೆ ಮುಗಿಯುವ ವಿಚಾರಣೆಯಲ್ಲ.

ಹಾಗಾದರೆ ಅರ್ಜಿಗಳು ನಿಲ್ಲುವುದು ಯಾವುದಕ್ಕೆ? ಬಹುಪಾಲು ಹೆಸರಿಗೆ. ನಮ್ಮಲ್ಲಿ ಒಬ್ಬನೇ ಹುಡುಗ ಶಾಲೆಯ ದಾಖಲೆಯಲ್ಲಿ ಮಂಜುನಾಥ ಹೆಚ್., ಆಧಾರ್‌ನಲ್ಲಿ ಮಂಜುನಾಥ ಹನುಮಂತಪ್ಪ, ಆದಾಯ ಪ್ರಮಾಣಪತ್ರದಲ್ಲಿ ಮಂಜುನಾಥ ಬಿನ್ ಹನುಮಂತಪ್ಪ, ಬ್ಯಾಂಕಿನಲ್ಲಿ ಮನೆತನದ ಅಡ್ಡಹೆಸರು ಸೇರಿದ ಇನ್ನೊಂದು ರೂಪ. ಕನ್ನಡದಲ್ಲಿ ಲಕ್ಷ್ಮಿ ಎಂದು ಒಂದೇ ಬಗೆಯಲ್ಲಿ ಬರೆಯುವ ಹೆಸರಿಗೆ ಇಂಗ್ಲಿಷ್ ಕಾಗುಣಿತ ಮೂರು ನಾಲ್ಕು ಬಗೆ. ಮದುವೆಯಾದ ವಿದ್ಯಾರ್ಥಿನಿಯರ ತೊಂದರೆ ಬೇರೆಯದೇ. ಇವುಗಳಲ್ಲಿ ಸುಳ್ಳು ಒಂದೂ ಇಲ್ಲ. ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಕಾಲದಲ್ಲಿ ತಮಗೆ ತೋಚಿದಂತೆ ಬರೆದುಕೊಂಡದ್ದರ ಫಲ ಇದು. ಆದರೆ ತಿದ್ದಿಸಿಕೊಂಡು ಬರುವ ಓಡಾಟ ಮಾತ್ರ ವಿದ್ಯಾರ್ಥಿಯದು. ಇಲ್ಲಿ ನೋಡಲ್ ಸಿಬ್ಬಂದಿ ನೆನಪಿಡಲೇಬೇಕಾದ ಒಂದು ವಿಷಯವಿದೆ. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ತಿದ್ದಿಸಲು ಅವಕಾಶ. 'ಹೋಗಿ ಆಧಾರ್ ಸರಿ ಮಾಡಿಸಿಕೊಂಡು ಬಾ' ಎಂದು ನಾವು ಸುಲಭವಾಗಿ ಹೇಳಿ ಕಳಿಸುವಾಗ ಆ ಎರಡರಲ್ಲಿ ಒಂದು ಅವಕಾಶವನ್ನು ಖರ್ಚು ಮಾಡಿಸುತ್ತಿದ್ದೇವೆ. ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದನ್ನು ಮೊದಲು ಕುಳಿತು ತೀರ್ಮಾನಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಮುಂದಿನ ಎಲ್ಲ ಪದವಿಗಳಿಗೂ ಉದ್ಯೋಗಕ್ಕೂ ತಳಹದಿಯಾಗುವುದರಿಂದ, ಅದರಲ್ಲಿ ತಪ್ಪಿಲ್ಲದಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸುವುದೇ ಕ್ಷೇಮ.

ಎರಡನೆಯ ಕಾರಣ ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಸಂಖ್ಯೆಯನ್ನು ಕೊಟ್ಟಿರುವುದೂ, ಹಣ ಬರುವ ಖಾತೆ ಇದೇ ಎಂದು ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಇಟ್ಟಿರುವ ಪಟ್ಟಿಯಲ್ಲಿ ದಾಖಲಾಗುವುದೂ ಬೇರೆ ಬೇರೆ ಎಂಬುದು ಪೋಷಕರಿಗೆ ಇರಲಿ, ಕೆಲವು ಶಾಖೆಗಳ ಸಿಬ್ಬಂದಿಗೂ ಸ್ಪಷ್ಟವಿಲ್ಲ. ಸೀಡಿಂಗ್ ಎಂದು ಕರೆಯುವ ಈ ಎರಡನೆಯ ಜೋಡಣೆ ಕೊನೆಯದಾಗಿ ಯಾವ ಖಾತೆಗೆ ಆಗಿದೆಯೋ ಆ ಖಾತೆಗೇ ನೇರ ವರ್ಗಾವಣೆಯ ಹಣ ಹೋಗುತ್ತದೆ. ಹುಡುಗಿ ಅರ್ಜಿಯಲ್ಲಿ ಬರೆದ ಖಾತೆ ಒಂದು, ಯಾರೋ ಮೊಬೈಲ್‌ನಲ್ಲಿ ತೆರೆದುಕೊಟ್ಟ ಹೊಸ ಖಾತೆ ಇನ್ನೊಂದಾದರೆ ಹಣ ಎರಡನೆಯದಕ್ಕೆ ಬಿದ್ದು, ಬಂದಿಲ್ಲವೆಂದೇ ಅವಳು ತಿಳಿದಿರುತ್ತಾಳೆ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಗೊಂದಲವೂ ಕೂಡಿಕೊಂಡಿದೆ: ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು, ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ ತಿಂಗಳಲ್ಲಿ ಒಂದಾಗಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೆಯ ಪಾಸ್‌ಪುಸ್ತಕವನ್ನು ಎದೆಗವಚಿಕೊಂಡು ಬರುವ ವಿದ್ಯಾರ್ಥಿಗೆ ಸೀಡಿಂಗ್ ಸ್ಥಿತಿಯನ್ನು ಆಧಾರ್ ಜಾಲತಾಣದಲ್ಲಿಯೇ ನೋಡಬಹುದು ಎಂದು ತೋರಿಸಿಕೊಡುವುದಕ್ಕೆ ನಮಗೆ ಐದು ನಿಮಿಷ ಸಾಕು.

ಇಷ್ಟೆಲ್ಲ ಕಟ್ಟುನಿಟ್ಟು ಮೋಸವನ್ನು ತಡೆಯಲಿಕ್ಕಲ್ಲವೇ ಎಂದು ನೀವು ಕೇಳಬಹುದು. ಮೋಸ ನಡೆದದ್ದು ಎಲ್ಲಿ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಹಿಮಾಚಲ ಪ್ರದೇಶದಲ್ಲಿ ಸುಮಾರು 250 ಕೋಟಿ ರೂಪಾಯಿಯ ವಿದ್ಯಾರ್ಥಿವೇತನ ಹಗರಣವನ್ನು ಸಿಬಿಐ ತನಿಖೆ ಮಾಡಿದಾಗ ಆರೋಪ ಬಂದದ್ದು ಖಾಸಗಿ ಶಿಕ್ಷಣ ಸಂಸ್ಥೆಗಳ ಮೇಲೆ. ಕೇಂದ್ರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ 1,572 ಸಂಸ್ಥೆಗಳನ್ನು ಸ್ಥಳ ಪರಿಶೀಲನೆ ಮಾಡಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂದು, ಐದು ವರ್ಷಗಳಲ್ಲಿ 144.83 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಅಂದಾಜಿಸಿ 2023ರಲ್ಲಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಲಾಯಿತು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪರಿಶೀಲನೆ ಎರಡು ಹಂತದ್ದು. ಮೊದಲು ಸಂಸ್ಥೆಯ ನೋಡಲ್ ಅಧಿಕಾರಿ, ನಂತರ ಜಿಲ್ಲೆಯ ಅಥವಾ ರಾಜ್ಯದ ನೋಡಲ್ ಅಧಿಕಾರಿ. ಇಲ್ಲದ ಸಂಸ್ಥೆಯಲ್ಲಿ ಇಲ್ಲದ ಮಕ್ಕಳ ಅರ್ಜಿಗಳು ಆ ಎರಡೂ ಹಂತಗಳನ್ನು ದಾಟಿ ಹೋಗಿದ್ದವು. ಕಾಗದಪತ್ರಗಳು ಅಲ್ಲಿ ಅಚ್ಚುಕಟ್ಟಾಗಿಯೇ ಇದ್ದಿರಬೇಕು, ಏಕೆಂದರೆ ಕೂಲಿಯವನ ಮಗಳಿಗೆ ಕಷ್ಟವಾಗುವ ದಾಖಲೆ ಹೊಂದಿಸುವ ಕೆಲಸ ವೃತ್ತಿಪರ ವಂಚಕನಿಗೆ ಕಷ್ಟವೇ ಅಲ್ಲ. ಸಂಸ್ಥೆಯ ಬಾಗಿಲಿಗೆ ಒಮ್ಮೆ ಹೋಗಿ ನೋಡಿದ್ದರೆ ತಡೆಯಬಹುದಾಗಿದ್ದ ಮೋಸಕ್ಕೆ ಪ್ರತಿಯಾಗಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಇನ್ನೊಂದು ಬಯೋಮೆಟ್ರಿಕ್, ಇನ್ನೊಂದು ದೃಢೀಕರಣ ಹೇರುವುದು ನನಗೆ ನ್ಯಾಯವೆನಿಸುವುದಿಲ್ಲ.

ಬೇರೆಯವರು ಇದನ್ನು ಹೇಗೆ ಮಾಡುತ್ತಾರೆ ಎಂದು ನೋಡುವುದರಿಂದ ಪ್ರಯೋಜನವಿದೆ. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಫೆಡರಲ್ ನೆರವಿಗೆ ಫಾಫ್ಸಾ ಎಂಬ ಒಂದೇ ಅರ್ಜಿ ಇದೆ. ಅದರ ಮೂಲಕ ಬಡ ವಿದ್ಯಾರ್ಥಿಗೆ ಸಿಗುವ ಪೆಲ್ ಅನುದಾನ 2025-26ರಲ್ಲಿ ಗರಿಷ್ಠ 7,395 ಡಾಲರ್. ಅಮೆರಿಕದ ಪೌರತ್ವವಿರುವ ಮಕ್ಕಳಿಗೆ, ತಂದೆತಾಯಿ ವೀಸಾದಲ್ಲಿರುವ ಕನ್ನಡಿಗರಾದರೂ, ಈ ಅರ್ಜಿಗೆ ಅವಕಾಶವಿದೆ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇಲ್ಲ. ಅಲ್ಲಿ ಎಲ್ಲ ಅರ್ಜಿಗಳನ್ನೂ ಪರಿಶೀಲನೆಗೆ ಒಡ್ಡುವುದಿಲ್ಲ. ತಪ್ಪಿರುವ ಸಂಭವ ಹೆಚ್ಚೆಂದು ಕಂಡ ಅರ್ಜಿಗಳನ್ನು ಶಿಕ್ಷಣ ಇಲಾಖೆ ಆರಿಸಿ ಗುರುತು ಹಾಕುತ್ತದೆ, ಆ ಅರ್ಜಿದಾರರಿಂದ ಮಾತ್ರ ಕಾಲೇಜು ದಾಖಲೆ ಕೇಳುತ್ತದೆ. ಹೀಗಿದ್ದರೂ ಹೊರೆ ಬೀಳುತ್ತಿದ್ದುದು ಬಡವರ ಮೇಲೆಯೇ ಎಂಬ ಟೀಕೆ ಅಲ್ಲಿ ಬಹುಕಾಲದಿಂದ ಇತ್ತು. ತೆರಿಗೆ ಇಲಾಖೆಯ ಮಾಹಿತಿಯನ್ನು ಅರ್ಜಿಗೆ ಎಳೆದುಕೊಳ್ಳುವ ಸಾಧನವೊಂದನ್ನು ವಂಚಕರು ದುರುಪಯೋಗಪಡಿಸಿದ್ದರಿಂದ 2017ರ ಮಾರ್ಚ್‌ನಲ್ಲಿ ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ, ಅರ್ಜಿಯ ಭರದ ಕಾಲದಲ್ಲಿ ಕುಟುಂಬಗಳು ತೆರಿಗೆ ದಾಖಲೆಗಳಿಗಾಗಿ ಪರದಾಡಿದವು. 2019ರ ಒಂದು ಕಾನೂನಿನ ಬಲದಿಂದ, 2024-25ರ ಅರ್ಜಿಯಿಂದೀಚೆಗೆ ಕುಟುಂಬದ ಒಪ್ಪಿಗೆ ಪಡೆದು ತೆರಿಗೆ ಮಾಹಿತಿಯನ್ನು ಇಲಾಖೆಯಿಂದ ಇಲಾಖೆಗೆ ನೇರವಾಗಿ ತರಿಸಿಕೊಳ್ಳಲಾಗುತ್ತಿದೆ. ಹಾಗೆ ಬಂದ ಅಂಕಿಗಳನ್ನು ಕಾಲೇಜು ಮತ್ತೆ ಪರಿಶೀಲಿಸಬೇಕಾಗಿಲ್ಲ. ಕದ್ದ ಗುರುತುಗಳಲ್ಲಿ ಅರ್ಜಿ ಹಾಕುವ ಸುಳ್ಳು ವಿದ್ಯಾರ್ಥಿಗಳ ಕಾಟ ಹೆಚ್ಚಾದಾಗ, 2025ರ ಜೂನ್‌ನಲ್ಲಿ, ಮೊದಲ ಸಲ ಅರ್ಜಿ ಹಾಕುವವರಲ್ಲಿ ಆಯ್ದ ಕೆಲವರು ಖುದ್ದಾಗಿ ಅಥವಾ ವಿಡಿಯೊ ಕರೆಯಲ್ಲಿ ಗುರುತಿನ ಚೀಟಿ ತೋರಿಸಬೇಕೆಂದು ಇಲಾಖೆ ಹೇಳಿತು. ಮೋಸದ ಬಗೆ ಯಾವುದೋ ಅದಕ್ಕೆ ತಕ್ಕ ಪ್ರಶ್ನೆಯನ್ನು ಬೇಕಾದವರಿಗಷ್ಟೇ ಕೇಳುವುದು ಎಂಬ ಈ ನಿಲುವು ನನಗೆ ಒಪ್ಪಿಗೆಯಾಗುತ್ತದೆ.

ಇದಕ್ಕೆ ಹತ್ತಿರದ ದಾರಿಯನ್ನು ನಮ್ಮ ರಾಜ್ಯವೂ ತುಳಿದಿದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ರೈತರ ಫ್ರೂಟ್ಸ್ ಸಂಖ್ಯೆಯನ್ನೂ (ರಾಜ್ಯದ ರೈತ ನೋಂದಣಿ ತಂತ್ರಾಂಶದ ಗುರುತು ಸಂಖ್ಯೆ) ವಿದ್ಯಾರ್ಥಿಯ ವಿವರವನ್ನೂ ಸರ್ಕಾರವೇ ಹೊಂದಿಸಿ ಹಣ ಜಮೆ ಮಾಡುವ ಪದ್ಧತಿ ಬಂತು. ಪಿಯುಸಿ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿಯಿಂದ ಹಿಡಿದು ವೃತ್ತಿಪರ ಕೋರ್ಸುಗಳಿಗೆ 10,000 ಮತ್ತು 11,000 ರೂಪಾಯಿಯವರೆಗೆ. ಸರ್ಕಾರದ ಒಂದು ಕಚೇರಿಗೆ ಗೊತ್ತಿರುವುದನ್ನು ಇನ್ನೊಂದು ಕಚೇರಿಗೆ ಹೊತ್ತು ತರುವ ಕೂಲಿಯಾಗಿ ವಿದ್ಯಾರ್ಥಿಯನ್ನು ಬಳಸಬಾರದು ಎಂಬುದು ಇದರ ತಿರುಳು. ಕುಟುಂಬ ದತ್ತಾಂಶವೂ ಆರ್‌ಡಿ ಸಂಖ್ಯೆಯೂ ವಿಶ್ವವಿದ್ಯಾಲಯದ ದಾಖಲಾತಿಯೂ ಎಸ್‌ಎಸ್‌ಪಿಗೆ ಸಿಗುವಾಗ, ಉಳಿದ ಯೋಜನೆಗಳಲ್ಲೂ ಇದೇ ನಿಯಮವಾಗಬೇಕು. ಆದರೆ ಯಂತ್ರ ಹೊಂದಿಸಲಾರದ ಕಡೆ ಮನುಷ್ಯನೊಬ್ಬ ಕುಳಿತಿರಲೇಬೇಕು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ತೀರ್ಪು ಕೊಟ್ಟಾಗ ಸರ್ಕಾರಿ ಸೌಲಭ್ಯಗಳಿಗೆ ಅದನ್ನು ಕೇಳುವುದನ್ನು ಎತ್ತಿಹಿಡಿಯಿತಾದರೂ, ದೃಢೀಕರಣ ವಿಫಲವಾಯಿತೆಂಬ ಒಂದೇ ಕಾರಣಕ್ಕೆ ಅರ್ಹರನ್ನು ಹೊರಗಿಡಬಾರದೆಂಬ ಕಾಳಜಿಯನ್ನೂ ದಾಖಲಿಸಿತು. ಆ ಪ್ರಕರಣದ ಮೊದಲ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯುತ್ತೇನೆ.

ಕಾಲೇಜಿನ ಮಟ್ಟದಲ್ಲಿ ನಾವು ನಾಳೆಯಿಂದಲೇ ಮಾಡಬಹುದಾದದ್ದು ಬಹಳವಿದೆ. ಪ್ರವೇಶಾತಿಯ ದಿನವೇ ಹೆಸರು, ಆರ್‌ಡಿ ಸಂಖ್ಯೆಯ ಅವಧಿ, ಸೀಡಿಂಗ್ ಈ ಮೂರನ್ನು ನೋಡಿಬಿಟ್ಟರೆ ಕೊನೆಯ ವಾರದ ನೂಕುನುಗ್ಗಲು ಅರ್ಧಕ್ಕಿಳಿಯುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಪ್ರೌಢಶಾಲೆಯಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿದಿರುವ ಸಂಭವ ಹೆಚ್ಚು. ಅರ್ಜಿಯನ್ನು ಹಿಂದಿರುಗಿಸುವಾಗ 'ದಾಖಲೆ ಸರಿಯಿಲ್ಲ' ಎಂದಷ್ಟೇ ಬರೆಯದೆ ಯಾವ ದಾಖಲೆಯ ಯಾವ ವಿವರ, ಯಾವುದರೊಂದಿಗೆ ಹೊಂದುತ್ತಿಲ್ಲ, ಯಾವ ಕಚೇರಿಗೆ ಹೋಗಬೇಕು, ಯಾವ ದಿನಾಂಕದೊಳಗೆ ಎಂಬುದನ್ನು ಕನ್ನಡದಲ್ಲಿ ಪೂರ್ಣವಾಗಿ ಬರೆದುಕೊಡಬೇಕು. ವರ್ಷದ ಕೊನೆಗೆ ಎಷ್ಟು ಅರ್ಜಿಗಳು ಮಂಜೂರಾದವು ಎಂಬ ಪಟ್ಟಿಯ ಜೊತೆಗೆ ಎಷ್ಟು ನಿಂತವು, ಏಕೆ ನಿಂತವು ಎಂಬ ಪಟ್ಟಿಯನ್ನೂ ಪ್ರಾಂಶುಪಾಲರ ಮುಂದಿಡಬೇಕು. ನಾನು ಆಗಲೇ ಹೇಳಿದ ಎರಡನೆಯ ಬಗೆಯ ತಪ್ಪು ಕಣ್ಣಿಗೆ ಬೀಳುವುದು ಆ ಪಟ್ಟಿಯಿಂದ ಮಾತ್ರ.

ಗೌಪ್ಯತೆಯ ಬಗ್ಗೆಯೂ ಒಂದು ಮಾತು. ಆಧಾರ್ ಸಂಖ್ಯೆ, ಜಾತಿ, ಆದಾಯ, ಖಾತೆ ಸಂಖ್ಯೆ ಎಲ್ಲವೂ ಇರುವ ಪಟ್ಟಿಗಳನ್ನು ಸೂಚನಾ ಫಲಕಕ್ಕೆ ಅಂಟಿಸುವುದು, ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಕೂಡಲೇ ನಿಲ್ಲಬೇಕು. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರ್‌ನವರು ತಮ್ಮದೇ ಮೊಬೈಲ್ ಸಂಖ್ಯೆಯನ್ನು ನಮೂದಿಸಿದರೆ ಮುಂದಿನ ವರ್ಷ ಒಟಿಪಿ ಹೋಗುವುದು ಅವರಿಗೇ. ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ ಅನ್ನು ಸಂಜೆ ಎರಡು ಗಂಟೆ ಇದಕ್ಕಾಗಿ ತೆರೆದಿಟ್ಟರೆ ಮಕ್ಕಳಿಗೆ ಹಣವೂ ಉಳಿಯುತ್ತದೆ, ಮಾಹಿತಿಯೂ ಅವರ ಕೈಯಲ್ಲೇ ಉಳಿಯುತ್ತದೆ.

ಸಂವಾದದಲ್ಲಿ ಒಬ್ಬ ಅಧ್ಯಾಪಕರು ಕೇಳಿದ ಪ್ರಶ್ನೆ: 'ವಿದ್ಯಾರ್ಥಿ ಸುಳ್ಳು ದಾಖಲೆ ಕೊಟ್ಟಿದ್ದಾನೆಂದು ನಮಗೆ ಖಚಿತವಾಗಿಯೇ ತಿಳಿದರೆ ಸುಮ್ಮನಿರಬೇಕೇ?' ಸುಮ್ಮನಿರಬಾರದು. ಖೋಟಾ ದಾಖಲೆಯನ್ನು ನಿಜವೆಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 340ನೆಯ ಕಲಮಿನಡಿ ಅಪರಾಧ. ಆದರೆ ಪ್ರಮಾಣಪತ್ರವನ್ನು ಪ್ರಶ್ನಿಸುವ ದಾರಿ ಅದನ್ನು ಕೊಟ್ಟ ಕಚೇರಿಯ ಮೂಲಕ ಹಾದುಹೋಗುತ್ತದೆ. ವಿದ್ಯಾರ್ಥಿಯನ್ನು ಒಬ್ಬನನ್ನೇ ಕರೆದು ಅವನ ವಿವರಣೆಯನ್ನು ಬರೆದುಕೊಂಡು, ನಮ್ಮ ಆಕ್ಷೇಪದ ಕಾರಣಗಳೊಂದಿಗೆ ತಹಶೀಲ್ದಾರರಿಗೂ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಅಧಿಕಾರಿಗೂ ಲಿಖಿತವಾಗಿ ತಿಳಿಸಬೇಕು. ಅವರ ತೀರ್ಮಾನ ಬರುವವರೆಗೆ ತರಗತಿಯಲ್ಲಿ ಆ ಮಾತು ಎತ್ತಕೂಡದು. ಬಹಳ ಸಲ ಸುಳ್ಳೆಂದು ಕಂಡದ್ದು ಸೈಬರ್ ಸೆಂಟರ್‌ನಲ್ಲಿ ಯಾರೋ ತಪ್ಪಾಗಿ ಒತ್ತಿದ ಒಂದು ಆಯ್ಕೆಯಷ್ಟೇ ಆಗಿರುತ್ತದೆ.

ಇನ್ನೊಬ್ಬರು, ಇ-ದೃಢೀಕರಣ ಮುಗಿದು ವೇತನ ಮಂಜೂರಾಗುವವರೆಗೆ ಮೂಲ ದಾಖಲೆಗಳನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳುವುದು ಸರಿಯೇ ಎಂದು ಕೇಳಿದರು. ಸರಿಯಲ್ಲ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಶಿಕ್ಷಣ ಸಂಸ್ಥೆಗಳು ತಮ್ಮ ವಶದಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿಯೇ ತಿಳಿಸಿದೆ. ನೋಡಿ, ತಾಳೆ ಹಾಕಿ, ಡಿಜಿಟಲ್ ಸಹಿ ಮಾಡಿ ಅದೇ ದಿನ ಹಿಂದಿರುಗಿಸಬೇಕು. ಶುಲ್ಕದ ಬಾಕಿಗೆ ಒತ್ತೆಯಾಗಿ ಅವನ್ನು ಹಿಡಿದಿಡುವ ಪದ್ಧತಿ ಎಲ್ಲಿಯಾದರೂ ಇದ್ದರೆ, ಅದರ ಬಗ್ಗೆ ವಿದ್ಯಾರ್ಥಿ ದೂರು ಕೊಡಲು ನೆರವಾಗಬೇಕಾದವರು ಆ ಕಾಲೇಜಿನ ನೋಡಲ್ ಅಧಿಕಾರಿಯೇ.